ಮಾಡದೆ ಬಿಟ್ಟ ಇಪ್ಪತ್ತನಾಲ್ಕನೆಯ ಪಾಠ

ನವೆಂಬರ್ ೧೭, ಬೆಳಗ್ಗೆ ಏಳು

ಕಾಫಿ ಆಯಿತು. ಮೊಣಕಾಲಿಗೆ ಎಣ್ಣೆ ಆಯಿತು. ತಂಗಿಗೆ ಕಾಗದ — ಕರಡು ಮೊದಲು ಇಲ್ಲಿ, ಒಳ್ಳೆಯ ಹಾಳೆಗೆ ಆಮೇಲೆ. ಮೂವತ್ತಮೂರು ವರ್ಷ ಯೂನಿವರ್ಸಿಟಿಯಲ್ಲಿ ಜಪಾನಿ ಕಲಿಸಿದೆ. ಹುಡುಗರ ಕಿವಿ ಹಿಂಡಿ ಹೇಳಿದ್ದು ಒಂದೇ ಮಾತು: ಕರಡಿಲ್ಲದೆ ಕಾಗದವಿಲ್ಲ. ಈಗ ಕಿವಿ ಹಿಂಡಲು ಯಾರೂ ಇಲ್ಲ. ಅಭ್ಯಾಸ ಉಳಿದಿದೆ.

"ಪುಟ್ಟಿ, ಎಲ್ಲರೂ ಹೇಗಿದ್ದೀರಿ? ನಿನ್ನ ಸೊಂಟ ಬಗ್ಗುತ್ತದೆಯೋ, ಇನ್ನೂ ಬಿದ್ದ ಚಮಚವನ್ನು ಕಾಲ್ಬೆರಳಿನಲ್ಲೇ ಎತ್ತುತ್ತೀಯೋ? ನಿಮ್ಮ ಯಜಮಾನರ ಸಕ್ಕರೆ ಎಷ್ಟಿದೆ — ಡಾಕ್ಟರಿಗೆ ಹೇಳುವುದು ಬೇಡ, ನಿಜವಾದದ್ದು ಬರೆ. ಮೇಲಿನ ಮನೆ ಅತ್ತೆಗೆ ಕಿವಿಯ ಮಿಷನ್ ಹೊಂದಿತೇ, ಅಥವಾ ಮೊದಲಿನ ಹಾಗೆ ಬೇಕಾದದ್ದಷ್ಟೇ ಕೇಳಿಸುತ್ತದೆಯೇ? ಚೋಟುವಿನ ಮುಂದಿನ ಹಲ್ಲು ಬಂತೇ?

ಹೋದ ಕಾಗದದಲ್ಲಿ ನೀನು ಕೇಳಿದ್ದೆ, ಅಕ್ಕಾ, ಹೊಸ ವರ್ಷಕ್ಕೆ ಊಟದ ಮೇಜಿನ ತುಂಬ ಜಪಾನಿ ಕಾರ್ಡು ಹರಡಿಕೊಂಡು ಕೂರುತ್ತಿದ್ದವಳು ಈಗ ಯಾಕೆ ಬಿಟ್ಟೆ ಎಂದು. ಹೇಳುತ್ತೇನೆ. ಅಲ್ಲಿ ಹೊಸ ವರ್ಷಕ್ಕೆ ಎಲ್ಲರೂ ಎಲ್ಲರಿಗೂ ಕಾರ್ಡು ಹಾಕುತ್ತಾರೆ. ಮನೆಯಲ್ಲಿ ಸಾವಾದ ವರ್ಷ ಮಾತ್ರ ಇಲ್ಲ. ಬದಲಿಗೆ ಆ ಮನೆಯವರು ಮುಂಚೆಯೇ ಬೂದು ಅಂಚಿನ ಒಂದು ಕಾರ್ಡು ಕಳಿಸುತ್ತಾರೆ — ನಮ್ಮಲ್ಲಿ ಶೋಕ, ಈ ಸಲ ಶುಭಾಶಯ ಹೇಳಲಾರೆವು, ಕ್ಷಮಿಸಿ. ಅದನ್ನು ಕಂಡವರು ಆ ಮನೆಗೆ ಶುಭಾಶಯ ಹಾಕುವುದಿಲ್ಲ. ನಮ್ಮವರು ತೀರಿಕೊಂಡ ವರ್ಷ ನಾನೂ ಕಳಿಸಿದೆ. ಹಳೆಯ ವಿದ್ಯಾರ್ಥಿಗಳಿಗೆಲ್ಲ, ನಲವತ್ತೊಂದು. ಆ ಹೊಸ ವರ್ಷ ಒಂದು ಕಾರ್ಡೂ ಬರಲಿಲ್ಲ. ಸರಿ, ಅದು ಕ್ರಮ. ಮರುವರ್ಷವೂ ಬರಲಿಲ್ಲ. ಅದರ ಮರುವರ್ಷವೂ..."

ಇಲ್ಲಿಗೆ ಬಂದು ಕೊನೆಯ ಪ್ಯಾರಾ ಹೊಡೆದುಹಾಕಿದೆ. ಪುಟ್ಟಿ ಓದಿ ಅಳುತ್ತಾಳೆ, ಆಮೇಲೆ ಫೋನ್ ಮಾಡಿ ಬೈಯುತ್ತಾಳೆ. ಎರಡೂ ಬೇಡ.

ನಿಜ ಹೇಳಬೇಕೆಂದರೆ ನಲವತ್ತು ಜನರದು ನನಗೇನೂ ಇಲ್ಲ. ಅವರಿಗೆ ಮಕ್ಕಳು, ಕೆಲಸ, ಟ್ರಾಫಿಕ್ಕು. ಬರಬೇಕಾಗಿದ್ದುದು ಒಂದು. ಗುಬ್ಬಿಯದು.


ನವೆಂಬರ್ ೨೦

ಸ್ಟೀಲ್ ಬೀರು ಸಾಫು ಮಾಡಿದೆ. ಲೈಬ್ರರಿಯ ಕ್ಯಾಟಲಾಗ್ ಕಾರ್ಡೊಂದು ಸಿಕ್ಕಿತು. ನನ್ನದೇ ಅಕ್ಷರ. "ಪುಸ್ತಕದ ಹೆಸರು: ಗೊತ್ತಿಲ್ಲ. ಲೇಖಕ: ಗೊತ್ತಿಲ್ಲ. ಬಣ್ಣ: ನೀಲಿ."

ಎಷ್ಟು ನಕ್ಕೆ ಎಂದರೆ ಪಕ್ಕದ ಫ್ಲ್ಯಾಟಿನವರು ಗೋಡೆ ತಟ್ಟಿದರು.

ಆಗ ನಾನು ಲೈಬ್ರರಿಯಲ್ಲಿ ಗುಮಾಸ್ತೆ. ಇಪ್ಪತ್ತಮೂರು ವರ್ಷ. ಒಂದು ಮಧ್ಯಾಹ್ನ ಏಳು ಮರದ ಪೆಟ್ಟಿಗೆ ಬಂದವು, ಎಲ್ಲಿಂದಲೋ ದಾನ. ತೆರೆದರೆ ಜಪಾನಿ ಪುಸ್ತಕಗಳು. ಇಡೀ ಯೂನಿವರ್ಸಿಟಿಯಲ್ಲಿ ಒಂದಕ್ಷರ ಓದುವವರಿಲ್ಲ. ಚೀಫ್ ಲೈಬ್ರರಿಯನ್ ಕನ್ನಡಕ ಹಣೆಗೇರಿಸಿ, "ಇವಕ್ಕೆಲ್ಲ ಕಾರ್ಡು ಮಾಡಿ, ಶೆಲ್ಫಿಗೆ ಏರಿಸಿ" ಎಂದರು. "ಹೇಗೆ ಸಾರ್?" ಎಂದೆ. "ಹೇಗೋ" ಎಂದರು.

ಬಣ್ಣ ನೋಡಿ ಜೋಡಿಸಿದೆ. ಜಪಾನಿ ಪುಸ್ತಕ ಬಲಗಡೆಯಿಂದ ತೆರೆಯುವುದು, ನಾನು ಎಲ್ಲವನ್ನೂ ಹಿಂದುಮುಂದಾಗಿ ಇಟ್ಟಿದ್ದೆ. ಅದು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷ ಊಟದ ಬಿಡುವಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂತೆ. ಮೊದಲು ಪೆಟ್ಟಿಗೆಯ ಮೇಲಿನ ವಿಳಾಸ ಓದಿದೆ. ಆಮೇಲೆ ಆ ನೀಲಿ ಪುಸ್ತಕ. ಅದು ಕಾಗದ ಬರೆಯುವುದು ಹೇಗೆ ಎಂದು ಕಲಿಸುವ ಕೈಪಿಡಿ. ಇಪ್ಪತ್ತಾರು ಪಾಠ. ಕಥೆ ಪುಸ್ತಕದ ಹಾಗೆ ಓದಿದೆ. ಮಗಳಿಗೆ ಸಂಬಂಧ ಬಂದಾಗ ಏನು ಬರೆಯಬೇಕು, ಕೊಡೆ ಮರೆತು ಹೋದ ಅತಿಥಿಗೆ ಏನು, ಸಾಲ ಕೇಳಿದ ಚಿಕ್ಕಪ್ಪನಿಗೆ ಇಲ್ಲ ಎನ್ನುವುದು ಹೇಗೆ. ಒಂದು ದೇಶದ ಜನರೆಲ್ಲ ನನಗೇ ಕಾಗದ ಬರೆದಂತಿತ್ತು.

ಜಪಾನಿನಿಂದ ಒಬ್ಬ ಹಿರಿಯ ಟೀಚರ್ ಎರಡು ವರ್ಷಕ್ಕೆಂದು ಬಂದಾಗ ನನಗೆ ಇಪ್ಪತ್ತೇಳು. ಗಿಡ್ಡ ಹೆಂಗಸು, ಹಸಿರು ಕೊಡೆ. ಎದುರು ನಿಂತು ನನ್ನ ಜಪಾನಿ ಹೇಳಿದೆ. ಅದುವರೆಗೆ ಆ ಭಾಷೆಯನ್ನು ಕಿವಿಯಲ್ಲಿ ಕೇಳಿದವಳಲ್ಲ. ಆಕೆ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಸೊಂಟದವರೆಗೆ ಬಗ್ಗಿದರು. "ಮಗೂ, ನೀನು ಮಾತಾಡುವುದಿಲ್ಲ. ಕಾಗದ ಓದುತ್ತೀಯ" ಎಂದರು.

ಆ ಎರಡು ವರ್ಷ ನನಗೆ ಬಾಯಿ ಕೊಟ್ಟರು. ಹೋಗುವಾಗ ಕ್ಲಾಸು ಕೊಟ್ಟು ಹೋದರು. ಒಂಬತ್ತು ವಿದ್ಯಾರ್ಥಿಗಳು, ಒಂದು ಬೋರ್ಡು. ಅಲ್ಲಿಂದ ಅರವತ್ತೆರಡಾಗುವ ತನಕ ನಾನೇ.

ಕಾರ್ಡನ್ನು ಎಸೆಯಲಿಲ್ಲ. ಕನ್ನಡಿಗೆ ಸಿಕ್ಕಿಸಿದ್ದೇನೆ.


ನವೆಂಬರ್ ೨೫, ಸಂಜೆ

ಇವತ್ತು ಬೇರೆ ಏನೂ ಇಲ್ಲ. ಗುಬ್ಬಿಯದು ಬರೆದು ಮುಗಿಸಿಬಿಡೋಣ ಎಂದು ಕೂತೆ.

ಹದಿನೆಂಟಕ್ಕೆ ನನ್ನ ಕ್ಲಾಸಿಗೆ ಬಂದಳು. ಕಿಟಕಿ ಪಕ್ಕದ ಬೆಂಚು. ಡೆಸ್ಕಿನ ಕೆಳಗೆ ಪೊಟ್ಟಣ ಇಟ್ಟುಕೊಂಡು ಏನಾದರೂ ಹೆಕ್ಕುತ್ತಿದ್ದಳು, ಹಾಗಾಗಿ ಇಡೀ ಕ್ಲಾಸಿಗೆ ಗುಬ್ಬಿ. ನನಗೂ. ಹಾಜರಿ ಪುಸ್ತಕದಲ್ಲೂ ಒಮ್ಮೆ ಗುಬ್ಬಿ ಎಂದೇ ಬರೆದು ಆಫೀಸಿನವರ ಹತ್ತಿರ ಮಾತು ಕೇಳಿದೆ. ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ. ನನಗೆ ಗೊತ್ತಿಲ್ಲದ್ದನ್ನೇ ಕೇಳುತ್ತಾಳೆ, ಗೊತ್ತಿಲ್ಲ ಎಂದರೆ ಬಿಡುವುದಿಲ್ಲ.

"ಮೇಡಂ, ಗೊತ್ತಿಲ್ಲ ಅಂದ್ರೆ ಹೇಗೆ? ನಾಳೆ ಹೇಳಿ."

"ನಾಳೆ ಭಾನುವಾರ ಕಣೆ."

"ಮನೆಗೇ ಬರ್ತೀನಿ."

ಬರುತ್ತಿದ್ದಳು. ನಮ್ಮವರು ಬಾಗಿಲಲ್ಲೇ, "ಬಾರಮ್ಮ, ಇವತ್ತು ಯಾವ ಅಕ್ಷರಕ್ಕೆ ಗ್ರಹಚಾರ?" ಎನ್ನುತ್ತಿದ್ದರು. ಅವರಿಗೆ ಜಪಾನಿ ಒಂದಕ್ಷರ ಬಾರದು. ಆದರೆ ಹೊಸ ವರ್ಷದ ಕಾರ್ಡು ಕತ್ತರಿಸುವವರು ಅವರೇ. ಸ್ಕೇಲು, ಬ್ಲೇಡು, ಒಂದು ಕೂದಲಷ್ಟೂ ಸೊಟ್ಟ ಇಲ್ಲ. ನಾನು ಬರೆಯುವುದು, ಅವಳು ವಿಳಾಸ ಹಾಕುವುದು. ಮೂರು ಜನ, ಒಂದು ಮೇಜು, ಟೀ ಲೋಟ ಇಡಲು ಜಾಗವಿಲ್ಲ.

ಆಮೇಲೆ ನನ್ನ ಪಕ್ಕದಲ್ಲೇ ಪಾಠ ಮಾಡಿದಳು, ಹದಿನಾಲ್ಕು ವರ್ಷ. ನನ್ನ ನಂತರ ವಿಭಾಗ ಅವಳ ಕೈಗೆ.

ನಾನು ರಿಟೈರಾದ ದಿನ. ಸೆಮಿನಾರ್ ಹಾಲು, ಹೂಗುಚ್ಛ, ಎರಡೆರಡು ಬಿಸ್ಕತ್ತು. ಅವಳು ಎದ್ದು ಮಾತಾಡಿದಳು, ಚೆನ್ನಾಗಿಯೇ. ಕೊನೆಗೆ — ಮುಂದಿನ ವರ್ಷದಿಂದ ಕಾಗದ ಬರೆಯುವ ಪೇಪರ್ ಇರುವುದಿಲ್ಲ, ಬದಲಿಗೆ ಆಫೀಸ್ ಸಂಭಾಷಣೆ, ಹುಡುಗರಿಗೆ ಕೆಲಸ ಸಿಗಬೇಕಲ್ಲ. ಆ ನಿರ್ಧಾರ ಸರಿಯಾಗಿತ್ತು. ಆಗಲೂ ಗೊತ್ತಿತ್ತು. ಆದರೆ ಮೈಕು ನನ್ನ ಕೈಗೆ ಬಂದಾಗ ಹೇಳಿಬಿಟ್ಟೆ, ಎಲ್ಲರೆದುರು:

"ನನ್ನನ್ನ ಕಳಿಸಿದ್ದಾಯ್ತು. ಈಗ ನನ್ನ ಪಾಠಾನೂ ಕಳಿಸ್ತಿದೀಯ."

ಕೆಲವರು ನಕ್ಕರು, ತಮಾಷೆ ಎಂದುಕೊಂಡು. ಅವಳು ನಗಲಿಲ್ಲ.

ಅದಾದ ಮೇಲೂ ಹೊಸ ವರ್ಷದ ಕಾರ್ಡು ಬರುತ್ತಿತ್ತು, ನಾನೂ ಹಾಕುತ್ತಿದ್ದೆ. ಎರಡೇ ಸಾಲು. ಅಷ್ಟರಲ್ಲಿ ಇವರು ಹೋದರು. ಅವಳು ಆ ವರ್ಷ ಫೆಲೋಶಿಪ್ ಮೇಲೆ ಜಪಾನಿನಲ್ಲಿದ್ದಳು. ನನ್ನ ಬೂದು ಕಾರ್ಡು ಅಲ್ಲಿಗೇ ಹೋಯಿತು. ವಾಪಸು ಬಂದಳು ಎಂದು ಕೇಳಿದೆ. ನಾನು ಅಷ್ಟರಲ್ಲಿ ಆ ಊರು ಬಿಟ್ಟು, ರೈಲಿನಲ್ಲಿ ಎರಡು ಗಂಟೆ ದೂರದ ಈ ಫ್ಲ್ಯಾಟಿಗೆ ಬಂದಿದ್ದೆ. ಅವಳು ಬರಲಿಲ್ಲ. ಬರೆಯಲಿಲ್ಲ. ಮೂರು ವರ್ಷ.

ಮೈಕಿನ ಮಾತು ಇನ್ನೂ ಅರಗಿಲ್ಲ ಅವಳಿಗೆ. ಅಷ್ಟೇ.

ಮುಗಿಯುತ್ತದೆ ಅಂದುಕೊಂಡೆ, ಬರೆದರೆ. ಎಲ್ಲಿ.


ಡಿಸೆಂಬರ್ ೨, ಹನ್ನೊಂದು ಗಂಟೆ

ಪೋಸ್ಟ್‌ಮ್ಯಾನ್ ಬೆಲ್ ಮಾಡಿದ. "ಅಮ್ಮಾ, ಇದು ಯಾವ ಭಾಷೇನೋ ಗೊತ್ತಿಲ್ಲ. ನಿಮ್ದೇ ಇರ್ಬೇಕು."

ಬೂದು ಅಂಚಿನ ಕಾರ್ಡು.

ನಿಂತಲ್ಲೇ ಓದಿದೆ, ಬಾಗಿಲು ತೆರೆದೇ ಇತ್ತು. ಗುಬ್ಬಿಯ ಅಕ್ಷರ. ಅಕ್ಟೋಬರಿನಲ್ಲಿ ತಾಯಿ ತೀರಿಕೊಂಡರು, ಎಪ್ಪತ್ತೊಂಬತ್ತು. ಮನೆಯಲ್ಲಿ ಶೋಕ, ಹೊಸ ವರ್ಷದ ಶುಭಾಶಯ ಹೇಳಲಾರೆ, ಕ್ಷಮಿಸಬೇಕು. ಜೀವಂತವಿದ್ದಾಗ ಅವರಿಗೆ ತೋರಿದ ವಿಶ್ವಾಸಕ್ಕೆ ಋಣಿ.

ಅಷ್ಟೇ. ಒಂದಕ್ಷರ ಹೆಚ್ಚಿಲ್ಲ.

ನಾನು ಮೂರು ವರ್ಷದ ಹಿಂದೆ ಬರೆದದ್ದೇ ಇದು. ಅದೇ ವಾಕ್ಯ, ಅದೇ ಜಾಗದಲ್ಲಿ ಸಾಲು ಮುರಿದದ್ದು. ನಾನು ಬೋರ್ಡಿನ ಮೇಲೆ ಬರೆಸಿದ್ದು. ಅವಳಿಗೆ ತಾಯಿಯೊಬ್ಬರೇ ಇದ್ದದ್ದು. ಇಬ್ಬರೇ ಒಂದು ಮನೆ. ಇಷ್ಟು ದೊಡ್ಡದು ಆಗಿದೆ ಅವಳಿಗೆ... ನನಗೆ ಬಂದದ್ದು ನನ್ನದೇ ನಾಲ್ಕು ಸಾಲು.

ಈ ವಿಳಾಸ ಅವಳಿಗೆ ಕೊಟ್ಟವರು ಯಾರು? ನಾನಲ್ಲ.

ಫೋನ್ ತೆಗೆದೆ. ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಕಾಗದಕ್ಕಾದರೆ ಕರಡು ಇರುತ್ತದೆ. ಫೋನಿಗೆ ಇಲ್ಲ.


ಡಿಸೆಂಬರ್ ೩

ಪುಟ್ಟಿಯ ಫೋನ್. ಹೇಳಬಾರದು ಎಂದುಕೊಂಡೇ ಎಲ್ಲ ಹೇಳಿದೆ.

"ಹೋಗಿ ಬಾ ಅಕ್ಕ. ಸಾವಿನ ಮನೆಗೆ ಹೋಗೋಕೂ ಕರಡು ಬೇಕಾ ನಿಂಗೆ?"

"ಹಾಗಲ್ವೇ. ಶೋಕದ ಕಾರ್ಡು ಬಂದ್ಮೇಲೆ ಸುಮ್ನಿರಬೇಕು. ಅವರೇ ಬರೆಯೋ ತನಕ ಕಾಯಬೇಕು. ಅದು ಅಲ್ಲಿಯ ಕ್ರಮ."

"ಅವಳೇನು ಅಲ್ಲಿಯವಳಾ?"

"ನಾನು ಕಲಿಸಿದವಳು."

"ಅದೇ ಹೇಳಿದ್ದು. ಇಬ್ರೂ ಒಂದೇ ಅಚ್ಚು. ಮುಖ ಊದಿಸ್ಕೊಂಡು ಕೂತ್ಕೊಳ್ಳಿ, ಯಾರು ಮೊದಲು ಸಾಯ್ತಾರೆ ನೋಡೋಣ."

ಅವಳ ಬಾಯಿಗೆ ಮೊದಲಿನಿಂದಲೂ ಬೀಗವಿಲ್ಲ. ಸೊಂಟ ಬಗ್ಗುತ್ತಿದೆಯಂತೆ. ಸಂತೋಷ.


ಡಿಸೆಂಬರ್ ೧೧, ಸಂಜೆ ಐದು. ರೈಲಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ, ಮನೆಗೆ ಹೋಗುವ ತನಕ ತಡೆಯಲಾರೆ.

ಯೂನಿವರ್ಸಿಟಿಗೆ ಹೋಗಿದ್ದೆ. ವರ್ಷಕ್ಕೊಮ್ಮೆ ಪೆನ್ಶನ್ ಸೆಕ್ಷನ್ನಿಗೆ ಬದುಕಿದ್ದೇನೆಂದು ತೋರಿಸಬೇಕಲ್ಲ. ಗುಮಾಸ್ತ ತಲೆ ಎತ್ತದೆ, "ಇದೀರಾ ಮೇಡಂ?" ಎಂದ. "ಇದೀನಪ್ಪ" ಎಂದೆ. "ಹಾಗಾದ್ರೆ ಇಲ್ಲೊಂದು ಸೈನ್."

ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ರೈಲಿಗೆ ಮೂರು ಗಂಟೆ ಇತ್ತು. ಕಾಲು ತಾನಾಗಿಯೇ ಮೂರನೆಯ ಮಹಡಿ ಹತ್ತಿತು, ಮೊಣಕಾಲು ಬೈಯುತ್ತಲೇ. ಕಾರಿಡಾರಿನ ಕೊನೆಯ ಕೋಣೆ. ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡ್ ಇನ್ನೂ ಇದೆ. ಚಪ್ಪಲಿ ಹೊರಗೆ ಬಿಟ್ಟೇ ಕ್ಲಾಸಿಗೆ ಬರಬೇಕೆಂದು ನಾನು ಹಟ ಹಿಡಿದು ಮಾಡಿಸಿದ್ದು. ಒಳಗೆ ಕಂಪ್ಯೂಟರ್, ಹೆಡ್‌ಫೋನು. ಗೋಡೆಗೆ ಅದೇ ಹಸಿರು ಪೇಂಟು. ಕಿಟಕಿ ಪಕ್ಕದ ಬೆಂಚು ಖಾಲಿ.

ಅಟೆಂಡರ್ ಕಂಡ. ನನ್ನ ಕಾಲದವನೇ, ಮುಂದಿನ ವರ್ಷ ಅವನದೂ ಮುಗಿಯುತ್ತದೆ.

"ಮೇಡಂ ನೀವಾ? ಕೂದಲೆಲ್ಲ ಬೆಳ್ಳಗೆ ಮಾಡ್ಕೊಂಡಿದೀರಲ್ಲ."

"ಅದಾಗೇ ಆಯ್ತು, ನಾನು ಮಾಡ್ಕೊಂಡಿಲ್ಲ. ನಿಂದು ಎಲ್ಲಿ?"

"ನಿಮ್ಮ ಹುಡುಗರು ತಿಂದ್ರು."

ಸ್ಟೂಲ್ ಹಾಕಿ ಕೂರಿಸಿದ. ಟೀ ತಂದ. ಗುಬ್ಬಿಯ ಮಾತು ನಾನು ಎತ್ತಲಿಲ್ಲ, ಅವನೇ ಎತ್ತಿದ.

"ಚಿಕ್ಕ ಮೇಡಂ ರಜೇಲಿದಾರೆ. ತಾಯಿ ಹೋದ್ಮೇಲೆ ಒಂದು ತಿಂಗಳು ಬಂದ್ರು, ಪಾಠಾನೂ ಮಾಡಿದ್ರು. ಆಮೇಲೆ ಆಗ್ಲಿಲ್ಲ. ಬೇರೆ ಯೂನಿವರ್ಸಿಟೀಲಿ ಕೆಲಸ ಆಗಿದೆಯಂತೆ, ತುಂಬ ದೂರ. ಇದೇ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತಾರೆ."

"ಯಾಕಂತೆ?"

"ಕೇಳ್ದೆ. 'ಇಲ್ಲಿ ಇನ್ನು ಯಾರಿದಾರೆ ನಂಗೆ' ಅಂದ್ರು."

ಟೀ ಬಿಸಿ ಇತ್ತು. ಊದಿ ಊದಿ ಅರ್ಧ ಲೋಟ ಕುಡಿದೆ.

"ನನ್ನ ಹೊಸ ವಿಳಾಸ ಅವಳಿಗೆ ಕೊಟ್ಟದ್ದು ನೀನಾ?"

"ನಾನಲ್ಲ. ಅವರೇ ಪೆನ್ಶನ್ ಸೆಕ್ಷನ್ನಿಗೆ ಹೋಗಿ ಬರ್ಕೊಂಡು ಬಂದ್ರು. ಅದೂ ಈಗಲ್ಲ, ಜಪಾನಿಂದ ಬಂದ ವಾರಾನೇ. ನಂಗೆ ಒಂದು ಗೊತ್ತಾಗಲ್ಲ ಮೇಡಂ, ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನೀವ್ಯಾಕೆ ಅವರಿಗೆ ಒಂದು ಕಾಗದ ಹಾಕ್ಲಿಲ್ಲ?"

"ನಾನಾ?"

"ಪ್ರತಿ ಡಿಸೆಂಬರಲ್ಲೂ ನಿಮಗೆ ಒಂದು ಕಾರ್ಡು ಬರೀತಾರೆ. ವಿಳಾಸ ಬರೆದು, ಸ್ಟಾಂಪೂ ಅಂಟಿಸಿ, ಡ್ರಾಯರಲ್ಲಿ ಇಡ್ತಾರೆ. 'ಕೊಡಿ, ಪೋಸ್ಟ್ ಮಾಡಿ ಬರ್ತೀನಿ' ಅಂದ್ರೆ, 'ಬೇಡ, ಮೇಡಂ ಮೊದಲು ಬರೀಬೇಕು. ಅವರಾಗಿ ಬರೆಯೋ ತನಕ ಅವರನ್ನ ಕಲಕಬಾರದು, ಅದು ಮರ್ಯಾದೆ' ಅಂತಾರೆ. ಜನವರಿ ಪೂರ್ತಿ ದಿನಾ ಕೇಳೋರು, ಪೋಸ್ಟ್ ಬಂತಾ, ಪೋಸ್ಟ್ ಬಂತಾ ಅಂತ. ಎರಡು ಕಾರ್ಡು ಇವೆ ಒಳಗೆ. ತೋರಿಸ್ಲಾ?"

"ಬೇಡ" ಎಂದೆ.

ಪೋಸ್ಟ್ ಮಾಡದ ಕಾಗದ ಬರೆದವರದು. ನನಗೆ ಹಕ್ಕಿಲ್ಲ.

ಮೆಟ್ಟಿಲಿಳಿದು ಸ್ಟೇಷನ್ನಿಗೆ ಬಂದು ರೈಲು ಹತ್ತಿದೆ. ಪಕ್ಕದ ಸೀಟಿನ ಹೆಂಗಸು, "ಹುಷಾರಿಲ್ವಾ ಅಮ್ಮಾ?" ಎಂದು ಎರಡು ಸಲ ಕೇಳಿದರು. ಮೂರು ವರ್ಷ ನಾನು ಅವಳ ಕೋಪ ಎಂದುಕೊಂಡಿದ್ದೆ. ಅವಳು ನನ್ನ ದುಃಖದ ಬಾಗಿಲ ಹೊರಗೆ ನಿಂತಿದ್ದಳು, ಚಪ್ಪಲಿ ಬಿಟ್ಟು.


ಡಿಸೆಂಬರ್ ೧೨, ಬೆಳಗ್ಗೆ

ಮರ್ಯಾದೆ. ಆ ಮಾತು ನನ್ನದು. ಎಲ್ಲಿ, ಯಾವಾಗ ಹೇಳಿದೆ ಎಂದು ರಾತ್ರಿಯಿಂದ ಹುಡುಕಿ ಬೆಳಗಾಗುವಾಗ ಸಿಕ್ಕಿತು.

ಗುಬ್ಬಿಯ ಎರಡನೆಯ ವರ್ಷ. ಕಾಗದದ ಕ್ಲಾಸಿನ ಕೊನೆಯ ದಿನ, ಇಪ್ಪತ್ತಮೂರನೆಯ ಪಾಠ, ಶೋಕದ ಕಾರ್ಡು. ಬೆಲ್ ಆಗಲು ಎರಡು ನಿಮಿಷ. ಕಿಟಕಿ ಪಕ್ಕದಿಂದ ಕೈ ಎದ್ದಿತು.

"ಮೇಡಂ, ಎಷ್ಟು ದಿನ ಸುಮ್ನಿರಬೇಕು?"

"ಅವರಾಗಿ ಬರೆಯೋ ತನಕ."

"ಅವರು ಬರೀಲೇ ಇಲ್ಲ ಅಂದ್ರೆ?"

"ನಾವೂ ಬರೀಬಾರದು. ದುಃಖದಲ್ಲಿ ಇರೋರನ್ನ ಕಲಕಬಾರದು. ಅದು ಮರ್ಯಾದೆ."

"ಪುಸ್ತಕದಲ್ಲಿ ಹಾಗಿದೆಯಾ ಮೇಡಂ?"

"ಇದೆ ಕಣೆ, ಕೂತ್ಕೋ."

ಬೆಲ್ ಆಯಿತು. ಎಲ್ಲರೂ ಬರೆದುಕೊಂಡರು.

ಎದ್ದು ಟ್ರಂಕು ಎಳೆದೆ. ನೀಲಿ ಪುಸ್ತಕ ತಳದಲ್ಲಿತ್ತು. ಇಪ್ಪತ್ತಮೂರರಲ್ಲಿ ಅಂಥದ್ದೇನೂ ಇಲ್ಲ. ಪುಟ ತಿರುವಿದೆ. ಪಾಠ ಇಪ್ಪತ್ತನಾಲ್ಕು: ಚಳಿಯ ದಿನಗಳ ಕಾಗದ. ಜನವರಿ ಎಂಟರ ನಂತರ, ಚಳಿ ಗಟ್ಟಿಯಾಗಿರುವಾಗ, ಶೋಕದ ಮನೆಗೆ ಬರೆಯುವುದು. ಶುಭಾಶಯ ಬೇಡ, ಹಬ್ಬದ ಮಾತು ಬೇಡ, ಚಳಿ ಹೇಗೆ ಕಳೆಯುತ್ತಿದ್ದೀರಿ ಎಂದು ಕೇಳುವುದು ಅಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ — ಅವರು ಮೊದಲು ಬರೆಯಲಿ ಎಂದು ಕಾಯಬೇಡಿ, ಅವರಿಗೆ ಕೈ ಏಳುವುದಿಲ್ಲ.

ಪಕ್ಕದಲ್ಲಿ ಪೆನ್ಸಿಲಿನ ಗೆರೆ. ನನ್ನದೇ. ಇಪ್ಪತ್ತನಾಲ್ಕು ವರ್ಷದ ನಾನು ಓದಿದ್ದೇನೆ, ಮೆಚ್ಚಿ ಗೆರೆ ಎಳೆದಿದ್ದೇನೆ.

ಆಮೇಲೆ ಪಾಠದ ಡೈರಿಗಳನ್ನು ತೆಗೆದೆ. ಹನ್ನೊಂದು ವರ್ಷದವು ಉಳಿದಿವೆ. ಹನ್ನೊಂದರಲ್ಲೂ ಕೊನೆಯ ಸಾಲು ಒಂದೇ. "ಪಾಠ ೨೩ ಮುಗಿಯಿತು. ನಾಳೆಯಿಂದ ಪರೀಕ್ಷೆ."

ಡಿಸೆಂಬರಿನಲ್ಲಿ ಪರೀಕ್ಷೆ. ಇಪ್ಪತ್ತನಾಲ್ಕಕ್ಕೆ ಯಾವ ವರ್ಷವೂ ತಲುಪಲಿಲ್ಲ. ಪ್ರಶ್ನೆಪತ್ರಿಕೆಗೂ ಬರುವುದಿಲ್ಲವಲ್ಲ ಎಂದು ಬಿಟ್ಟೆ. ಕಲಿಸದ ಪಾಠ ಕಲಿತ ನನಗೂ ಮರೆತುಹೋಯಿತು. ಉಳಿದದ್ದು ಬೆಲ್ಲಿಗೆ ಎರಡು ನಿಮಿಷ ಇರುವಾಗ ಬಾಯಿಗೆ ಬಂದದ್ದು.

ಮೂವತ್ತಮೂರು ವರ್ಷ ನಿಲ್ಲಿಸುವುದನ್ನು ಕಲಿಸಿದೆ. ಮತ್ತೆ ಶುರುಮಾಡುವುದನ್ನು ಕಲಿಸಲಿಲ್ಲ.

ನಲವತ್ತೊಂದು ಜನ, ಒಬ್ಬರೂ ಬರೆಯಲಿಲ್ಲ ಎಂದು ಎಷ್ಟು ಶಾಪ ಹಾಕಿದ್ದೇನೆ ಮನಸ್ಸಿನಲ್ಲೇ. ನಲವತ್ತೊಂದೂ ಒಳ್ಳೆಯ ವಿದ್ಯಾರ್ಥಿಗಳು.


ಡಿಸೆಂಬರ್ ೧೩

ಜಪಾನಿಯಲ್ಲಿ ನಾಲ್ಕು ಕರಡು. ನಾಲ್ಕೂ ನೆಟ್ಟಗೆ ಇಸ್ತ್ರಿ ಹಾಕಿದ ಅಂಗಿಯ ಹಾಗೆ ನಿಂತಿವೆ, ಒಳಗೆ ಯಾರೂ ಇಲ್ಲ. ಹರಿದೆ.

ಇನ್ನೊಂದು ತೊಡಕು. ಚಳಿಯ ಕಾಗದ ಜನವರಿ ಎಂಟರ ನಂತರ. ಅವಳು ಮನೆ ಬಿಡುವುದು ಈ ತಿಂಗಳ ಕೊನೆಗೆ. ಕ್ರಮ ಹಿಡಿದು ಕೂತರೆ ಕಾಗದ ಹೋಗಿ ಬೀಗ ಹಾಕಿದ ಬಾಗಿಲಿಗೆ ತಗುಲುತ್ತದೆ. ಹೊಸ ವಿಳಾಸ ಅಟೆಂಡರಿಗೂ ಗೊತ್ತಿಲ್ಲ. ಹೋದವಳು ಹೋದಂತೆ.

ಪುಟ್ಟಿಗೆ ಫೋನ್ ಮಾಡಿ ಕೇಳಿದೆ.

"ಕ್ರಮ ತಪ್ಪಿಸು. ಏನಾಗುತ್ತೆ? ಜಪಾನಿನವರು ಪೊಲೀಸ್ ಕಳಿಸ್ತಾರಾ?"

"ತಪ್ಪು ನಂದೇ ಅಂತ ಬರೀಬೇಕು ಕಣೆ. ಮೇಡಂ ಆಗಿ ಹೇಗೆ ಬರೀಲಿ?"

"ಮೇಡಂ ಆಗಿ ಬರೀಬೇಡ. ನಂಗೆ ಬರೀತೀಯಲ್ಲ, ಹಾಗೆ ಬರಿ."

ಅರವತ್ತನಾಲ್ಕಾದರೂ ಪುಟ್ಟಿಯೇ. ಆದರೆ ಕೆಲವು ಸಲ ಅವಳೇ ಅಕ್ಕ.


ಡಿಸೆಂಬರ್ ೧೪, ಮಧ್ಯಾಹ್ನ ಎರಡು

ನಮ್ಮ ಭಾಷೆಯಲ್ಲೇ. ಮೇಜಿನ ಮೇಲೆ ಡಿಕ್ಷನರಿ ಇಲ್ಲ.

"ಗುಬ್ಬಿ,

ಅಮ್ಮ ಹೋದರು ಎಂದು ತಿಳಿಯಿತು. ನೀನು ಎರಡನೆಯ ವರ್ಷದಲ್ಲಿದ್ದಾಗ ಅವರು ಒಮ್ಮೆ ನನ್ನ ಕೋಣೆಗೆ ಬಂದಿದ್ದರು. ನಿನಗೆ ಹೇಳಬೇಡಿ ಎಂದಿದ್ದರು, ಇಷ್ಟು ವರ್ಷ ಹೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು, 'ಈ ಭಾಷೆ ಕಲಿತ್ರೆ ನನ್ನ ಮಗಳಿಗೆ ಏನು ಸಿಗುತ್ತಮ್ಮ?' ಎಂದು. 'ಗೊತ್ತಿಲ್ಲಮ್ಮ, ನಂಗೆ ಎಲ್ಲ ಇದರಲ್ಲೇ ಸಿಕ್ತು' ಎಂದೆ. ಅವರು 'ಹಾಗಾದ್ರೆ ನಿಮ್ಮ ಹತ್ರ ಬಿಟ್ಟಿದೀನಿ' ಎಂದು ಎದ್ದರು. ಬಿಟ್ಟು ಹೋದದ್ದನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ.

ರಿಟೈರಾದ ದಿನ ಮೈಕಿನಲ್ಲಿ ಹೇಳಿದ್ದು ಹೊಟ್ಟೆಕಿಚ್ಚಿನ ಮಾತು. ನೀನು ಮಾಡಿದ್ದು ಸರಿ. ನಾನಾಗಿದ್ದರೆ ಇನ್ನೂ ಹತ್ತು ವರ್ಷ ಮುಂಚೆಯೇ ಮಾಡಬೇಕಿತ್ತು. ಹೊಟ್ಟೆಗೆ ಹಾಕಿಕೊ.

ಇನ್ನೊಂದು. ನೀನು ಕೇಳಿದ್ದೆ, ಪುಸ್ತಕದಲ್ಲಿ ಹಾಗಿದೆಯಾ ಎಂದು. ಇಲ್ಲ. ನಾನು ಇದೆ ಎಂದೆ, ಅದು ಸುಳ್ಳು. ಬೆಲ್ ಆಗುವುದರಲ್ಲಿತ್ತು, ಗೊತ್ತಿಲ್ಲ ಎಂದರೆ ನೀನು ಬಿಡುವವಳಲ್ಲ. ಮುಂದಿನ ಪಾಠದಲ್ಲಿ ಸರಿಯಾದ ಉತ್ತರವಿದೆ. ನಾನು ಅದನ್ನು ಯಾರಿಗೂ ಮಾಡಲಿಲ್ಲ. ಶೋಕದ ಮನೆಗೆ ಹೊರಗಿನವರೇ ಮೊದಲು ಬರೆಯಬೇಕಂತೆ, ಏಕೆಂದರೆ ಒಳಗಿನವರಿಗೆ ಕೈ ಏಳುವುದಿಲ್ಲ. ನನಗೆ ಏಳಲಿಲ್ಲ, ಗುಬ್ಬಿ. ಮೂರು ವರ್ಷ ಏಳಲಿಲ್ಲ. ನಿನ್ನ ಕೋಪ ಎಂದುಕೊಂಡೆ. ನೀನು ನನ್ನ ಸುಳ್ಳನ್ನು ಪಾಲಿಸುತ್ತಿದ್ದೆ ಎಂದು ಮೊನ್ನೆ ತಿಳಿಯಿತು. ಅಟೆಂಡರನ್ನು ಬೈಯಬೇಡ.

ಜನವರಿ ಎಂಟರ ತನಕ ತಡೆಯಬೇಕಂತೆ. ತಡೆಯುವುದಿಲ್ಲ. ಇಷ್ಟು ವರ್ಷ ಕ್ರಮ ಕಲಿಸಿದವಳು ಬೇಕೆಂದೇ ತಪ್ಪುತ್ತಿದ್ದೇನೆ.

ದೂರದ ಕೆಲಸ ಒಳ್ಳೆಯದಾದರೆ ಹೋಗು, ನಾನು ತಡೆಯುವುದಿಲ್ಲ. ಆದರೆ ಇಲ್ಲಿ ಇನ್ನು ಯಾರಿದ್ದಾರೆ ಎಂದು ಹೋಗಬೇಡ. ಅದೊಂದು ಕಾರಣ ತಪ್ಪು. ಉಳಿದ ಯಾವ ಕಾರಣಕ್ಕಾದರೂ ಹೋಗು.

ಇಲ್ಲಿ ಎರಡು ಕೋಣೆ. ಒಂದರಲ್ಲಿ ಟ್ರಂಕು ಬಿಟ್ಟರೆ ಯಾರೂ ಇ"

ಮೂರು ಮುಕ್ಕಾಲು ಆಗಿಹೋಯಿತು. ಮೂಲೆಯ ಪೋಸ್ಟ್ ಬಾಕ್ಸು ನಾಲ್ಕಕ್ಕೆ ತೆಗೆಯುತ್ತಾರೆ, ನಾಳೆ ಭಾನುವಾರ. ಇದನ್ನು ಒಳ್ಳೆಯ ಹಾಳೆಗೆ ಇಳಿಸುತ್ತ ಕೂತರೆ ಸೋಮವಾರ. ಬೇಡ. ಡೈರಿಯ ಈ ಹಾಳೆಗಳನ್ನೇ ಕಿತ್ತು ಕವರಿಗೆ ಹಾಕುತ್ತೇನೆ, ಗೀಟು ಹೊಡೆದದ್ದೂ ಸೇರಿ. ಓದಿಕೊಳ್ಳಲಿ.

ಗುಬ್ಬಿ, ಇದು ಕರಡೇ. ಬೇಗ ಬರೆ. ಹೋಗುವ ಮೊದಲು ಬರೆ, ಹೊಸ ವಿಳಾಸವನ್ನಾದರೂ, ಒಂದು ಸಾಲು, ಬೈದಾದರೂ